ಲಾಗ್‌ನಲ್ಲಿ ಹುಡುಕಿದ್ದು ಸಿಗದಿದ್ದಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ನಾನು ತಂಡದವರಿಗೆಲ್ಲ ತಪ್ಪು ಮಾತು ಹೇಳಿದೆ. "ಲಾಗ್‌ನಲ್ಲಿ ಎರರ್ ಇಲ್ಲ, ತೊಂದರೆ ನಮ್ಮ ಕಡೆಯದಲ್ಲ" ಎಂದೆ. ಲಾಗ್ ಎಂದರೆ ಪ್ರೋಗ್ರಾಂ ತನ್ನ ಕೆಲಸದ ಬಗ್ಗೆ ಸಾಲು ಸಾಲಾಗಿ ಬರೆದಿಡುವ ಫೈಲ್. ಹುಡುಕಿದ್ದು ನಿಜ, ಏನೂ ಸಿಗದಿದ್ದದ್ದೂ ನಿಜ. ಆದರೆ ಮಧ್ಯರಾತ್ರಿಗೆ ಲಾಗ್ ಫೈಲ್ ಬದಲಾಗಿತ್ತು. ತೊಂದರೆ ಆದ ಹೊತ್ತಿನ ಸಾಲುಗಳೆಲ್ಲ ಹಳೆಯ ಫೈಲ್‌ನಲ್ಲಿದ್ದವು. ನಾನು ಹುಡುಕಿದ್ದು ಆಗಷ್ಟೇ ಶುರುವಾಗಿದ್ದ ಹೊಸ ಫೈಲ್‌ನಲ್ಲಿ. ಎರಡು ಗಂಟೆ ಕಾಲ ಬೇರೆಯವರು ತಮ್ಮ ಕಡೆ ಇಲ್ಲದ ತಪ್ಪನ್ನು ಹುಡುಕಿದರು. ಅದು ನನಗೆ ಈಗಲೂ ಬೇಸರ ತರುತ್ತದೆ.

ಅವತ್ತಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹುಡುಕಾಟ ಖಾಲಿ ಬಂದರೆ "ಇಲ್ಲ" ಎನ್ನುವ ಮೊದಲು, ಇದ್ದೇ ಇದೆ ಎಂದು ಗೊತ್ತಿರುವ ಒಂದು ಸಾಲನ್ನು ಅದೇ ಕಮಾಂಡ್‌ನಿಂದ ಹುಡುಕುತ್ತೇನೆ. ಅದು ಸಿಕ್ಕರೆ ಮಾತ್ರ ಖಾಲಿ ಉತ್ತರವನ್ನು ನಂಬಬಹುದು. ಮುಂದೆ ಇದನ್ನೇ "ಗೊತ್ತಿರುವ ಸಾಲಿನ ಪರೀಕ್ಷೆ" ಎಂದು ಕರೆಯುತ್ತೇನೆ.

ಇಲ್ಲಿ ಹೇಳುವುದು ಹೆಚ್ಚಾಗಿ ಗ್ರೆಪ್ ಬಗ್ಗೆ, ಫೈಲ್‌ನಲ್ಲಿ ಬೇಕಾದ ಸಾಲನ್ನು ಹುಡುಕಿಕೊಡುವ ಕಮಾಂಡ್ ಅದು. ಕೆನ್ ಥಾಂಪ್ಸನ್ ಬರೆದ ಈ ಪ್ರೋಗ್ರಾಂ 1973ರಿಂದ ಯೂನಿಕ್ಸ್ ಜೊತೆಗಿದೆ. "ಎಡ್" ಎಂಬ ಎಡಿಟರ್‌ನಲ್ಲಿ ಫೈಲ್ ಪೂರ್ತಿ ನೋಡಿ, ಪ್ಯಾಟರ್ನ್‌ಗೆ (ಹುಡುಕಲು ಕೊಟ್ಟ ಮಾದರಿಗೆ) ಹೊಂದುವ ಸಾಲನ್ನು ತೋರಿಸು ಎನ್ನುವ ಒಂದು ಕಮಾಂಡ್ ಇತ್ತು. ಹೆಸರು ಬಂದದ್ದು ಅಲ್ಲಿಂದಲೇ. ಇದನ್ನು ನೆನಪಿಟ್ಟುಕೊಳ್ಳಿ. ಗ್ರೆಪ್ ನೋಡುವುದು ಒಂದೊಂದೇ ಸಾಲನ್ನು, ಅದರಲ್ಲಿರುವ ಬೈಟ್‌ಗಳನ್ನು. ನಿಮಗೆ ಪರದೆಯ ಮೇಲೆ ಕಾಣುವುದನ್ನು ಅದು ನೋಡುವುದಿಲ್ಲ. ಅರ್ಧಕ್ಕರ್ಧ ತೊಂದರೆ ಹುಟ್ಟುವುದು ಇಲ್ಲೇ.

ಕಮಾಂಡ್‌ಗಳನ್ನು ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳೇ ಬೇಕು. ಕ್ಯಾಪಿಟಲ್ ಅಕ್ಷರ ಬೇಕಾದ ಕಡೆ ಹಾಗೆಂದು ಹೇಳಿದ್ದೇನೆ, ಉಳಿದವೆಲ್ಲ ಸ್ಮಾಲ್.

ಕೈ ಹಾಕುವ ಮೊದಲು

ಹುಡುಕುವುದರಿಂದ ಫೈಲ್‌ಗೆ ಏನೂ ಆಗುವುದಿಲ್ಲ. ಆದರೆ ಹುಡುಕುವ ಭರದಲ್ಲಿ ಲಾಗ್ ಕಳೆದುಕೊಂಡವರನ್ನು ನೋಡಿದ್ದೇನೆ. ಮೂರು ವಿಷಯದಲ್ಲಿ ಎಚ್ಚರ ಇರಲಿ.

ಯಾವ ಫೈಲ್‌ನಲ್ಲಿ ಹುಡುಕುತ್ತಿದ್ದೀರೋ ಅದೇ ಫೈಲ್‌ಗೆ ಉತ್ತರವನ್ನು > ಗುರುತಿನಿಂದ ಕಳಿಸಬೇಡಿ. ಗ್ರೆಪ್ ಶುರುವಾಗುವ ಮೊದಲೇ ಶೆಲ್ (ನೀವು ಟೈಪ್ ಮಾಡಿದ ಕಮಾಂಡ್ ಓಡಿಸುವ ಪ್ರೋಗ್ರಾಂ) ಆ ಫೈಲ್ ಅನ್ನು ಖಾಲಿ ಮಾಡಿಬಿಡುತ್ತದೆ. ಹೋದದ್ದು ಮರಳಿ ಬರುವುದಿಲ್ಲ.

ಚಾಲ್ತಿಯಲ್ಲಿರುವ ಲಾಗ್ ಅನ್ನು ಎಡಿಟರ್‌ನಲ್ಲಿ ತೆರೆದು ಸೇವ್ ಮಾಡಬೇಡಿ, ಅಳಿಸಲೂಬೇಡಿ. ಫೈಲ್ ಅಳಿಸಿದರೂ ಅದನ್ನು ತೆರೆದಿಟ್ಟುಕೊಂಡ ಪ್ರೋಗ್ರಾಂ ಅದಕ್ಕೇ ಬರೆಯುತ್ತಿರುತ್ತದೆ. ಡಿಸ್ಕ್ ಜಾಗ ಬಿಡುಗಡೆಯಾಗುವುದಿಲ್ಲ, ಹೊಸ ಸಾಲುಗಳೂ ನಿಮಗೆ ಕಾಣುವುದಿಲ್ಲ. ನೋಡಲು "ಲೆಸ್" ಸಾಕು.

ಸಿಕ್ಕ ಸಾಲನ್ನು ಹಾಗೇ ಕಾಪಿ ಮಾಡಿ ಬೇರೆಯವರಿಗೆ ಕಳಿಸಬೇಡಿ. ಲಾಗ್‌ನಲ್ಲಿ ಪಾಸ್‌ವರ್ಡ್, ಟೋಕನ್, ಫೋನ್ ನಂಬರ್ ಇರುವುದು ನಾವು ಅಂದುಕೊಂಡದ್ದಕ್ಕಿಂತ ಜಾಸ್ತಿ.

ಲಕ್ಷಣ: ಏನೂ ಬರಲಿಲ್ಲ, ಎರರ್ ಕೂಡ ಇಲ್ಲ

ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವ ಲಕ್ಷಣ ಇದು. ಮೊದಲು ಗ್ರೆಪ್ ಮುಗಿದ ಕೂಡಲೇ ಹೀಗೆ ಕೊಡಿ:

ಎಕೋ $?

0 ಬಂದರೆ ಸಾಲು ಸಿಕ್ಕಿದೆ. 1 ಬಂದರೆ ಫೈಲ್ ಓದಿದೆ, ಹೊಂದುವ ಸಾಲು ಇರಲಿಲ್ಲ. 2 ಬಂದರೆ ಎಲ್ಲೋ ಎಡವಿದೆ: ಫೈಲ್ ಇಲ್ಲ, ಪರ್ಮಿಷನ್ ಇಲ್ಲ, ಅಥವಾ ಪ್ಯಾಟರ್ನ್‌ನಲ್ಲೇ ತಪ್ಪಿದೆ. ಬೇರೆಯವರಿಂದ ಕಾಪಿ ಮಾಡಿಕೊಂಡ ಕಮಾಂಡ್‌ಗಳ ಕೊನೆಯಲ್ಲಿ 2>/ಡೆವ್/ನಲ್ ಎಂಬ ಬಾಲ ಇರುತ್ತದೆ. ಅದು ಎರರ್ ಸಂದೇಶಗಳನ್ನೆಲ್ಲ ನುಂಗುತ್ತದೆ. "ಓದಲು ಆಗಲಿಲ್ಲ" ಎಂದು ಗ್ರೆಪ್ ಹೇಳಿದ್ದು ನಿಮಗೆ ಕೇಳುವುದೇ ಇಲ್ಲ. ಆ ಬಾಲ ತೆಗೆದು ಮತ್ತೊಮ್ಮೆ ಓಡಿಸಿ. ಪೈಪ್ ಹಾಕಿದ್ದರೆ, ಅಂದರೆ ಒಂದು ಕಮಾಂಡ್‌ನ ಉತ್ತರವನ್ನು ಇನ್ನೊಂದಕ್ಕೆ ಕಳಿಸಿದ್ದರೆ, $? ಹೇಳುವುದು ಕೊನೆಯ ಕಮಾಂಡ್‌ನ ಕಥೆ, ಗ್ರೆಪ್‌ನದ್ದಲ್ಲ. ಅದನ್ನೂ ತೆಗೆದು ನೋಡಿ.

ಆಮೇಲೆ ಗೊತ್ತಿರುವ ಸಾಲಿನ ಪರೀಕ್ಷೆ. ಫೈಲ್‌ನ ಕೊನೆಯ ಮೂರು ಸಾಲು ತೆಗೆಯಿರಿ:

ಟೇಲ್ -ಎನ್ 3 ಆಪ್.ಲಾಗ್

ಅದರಲ್ಲಿ ಕಾಣುವ ಒಂದು ಪದವನ್ನು ಅದೇ ಫೈಲ್‌ನಲ್ಲಿ ಗ್ರೆಪ್‌ನಿಂದ ಹುಡುಕಿ. ಸಿಗಲಿಲ್ಲ ಎಂದಾದರೆ ಫೈಲ್‌ನ ಬೈಟ್‌ಗಳಲ್ಲೇ ಏನೋ ಇದೆ, ನೇರವಾಗಿ ಮುಂದಿನ ಲಕ್ಷಣಕ್ಕೆ ಹೋಗಿ. ಸಿಕ್ಕಿತು ಎಂದಾದರೆ ಫೈಲ್ ಓದುವುದು ಸರಿಯಿದೆ. ತಪ್ಪಿರುವುದು ನೀವು ಕೇಳಿದ ಮಾತಿನಲ್ಲಿ, ಅಥವಾ ನೀವು ಕೇಳುತ್ತಿರುವ ಫೈಲ್‌ನಲ್ಲಿ.

ಮಾತಿನ ತಪ್ಪನ್ನು ಮೊದಲು ನೋಡೋಣ, ಅದಕ್ಕೆ ಖರ್ಚು ಕಡಿಮೆ. ಗ್ರೆಪ್‌ಗೆ ಕ್ಯಾಪಿಟಲ್ ಮತ್ತು ಸ್ಮಾಲ್ ಅಕ್ಷರ ಬೇರೆ ಬೇರೆ. -ಐ ಹಾಕಿದರೆ ಭೇದ ಮಾಡುವುದಿಲ್ಲ. ಇನ್ನೊಂದು, ಪೂರ್ತಿ ವಾಕ್ಯ ಹುಡುಕಬೇಡಿ. ಕೋಡ್‌ನಲ್ಲಿ "ಬಳಕೆದಾರ ಇಂಥವರ ಲಾಗಿನ್ ವಿಫಲ" ಎಂದು ಜಾಗ ಬಿಟ್ಟು ಬರೆದಿರುತ್ತಾರೆ. ಲಾಗ್‌ಗೆ ಬರುವಾಗ ಆ ಜಾಗದಲ್ಲಿ ನಂಬರ್ ಕೂತಿರುತ್ತದೆ. ಬದಲಾಗದ ಎರಡು ಪದ ಆರಿಸಿಕೊಂಡು ಅಷ್ಟನ್ನೇ ಹುಡುಕಿ. ಸಿಕ್ಕ ಮೇಲೆ ಬೇಕಿದ್ದರೆ ಬಿಗಿ ಮಾಡಿ.

ತಾರೀಖು ಹುಡುಕುವವರು ಎಡವುವ ಜಾಗ ಒಂದಿದೆ. ಹಳೆಯ ಸಿಸ್‌ಲಾಗ್ (ಯೂನಿಕ್ಸ್‌ನ ಲಾಗ್ ಬರೆಯುವ ವ್ಯವಸ್ಥೆ) ಶೈಲಿಯಲ್ಲಿ ತಿಂಗಳ ಹೆಸರು, ಆಮೇಲೆ ದಿನ. ದಿನಕ್ಕೆ ಎರಡು ಅಕ್ಷರದ ಜಾಗ. 5ನೇ ತಾರೀಖಾದರೆ 5ರ ಹಿಂದೆ ಇನ್ನೊಂದು ಖಾಲಿ ಜಾಗ ಸೇರುತ್ತದೆ. ಅಂದರೆ ತಿಂಗಳು ಮತ್ತು 5ರ ನಡುವೆ ಎರಡು ಸ್ಪೇಸ್. ಒಂದೇ ಸ್ಪೇಸ್ ಕೊಟ್ಟು ಹುಡುಕುವ ಸ್ಕ್ರಿಪ್ಟ್ 10ರಿಂದ ತಿಂಗಳ ಕೊನೆಯವರೆಗೆ ಚೆನ್ನಾಗಿ ನಡೆದು, ಮುಂದಿನ ತಿಂಗಳ ಮೊದಲ ಒಂಬತ್ತು ದಿನ ಖಾಲಿ ಕೊಡುತ್ತದೆ. "ಕೆಲವೊಮ್ಮೆ ಕೆಲಸ ಮಾಡುತ್ತೆ, ಕೆಲವೊಮ್ಮೆ ಇಲ್ಲ" ಎಂದು ಯಾರಾದರೂ ದೂರಿದರೆ ನಾನು ಮೊದಲು ತಾರೀಖು ಕೇಳುತ್ತೇನೆ.

ಗಂಟೆಯೂ ಹಾಗೆಯೇ. ಸರ್ವರ್ ಯುಟಿಸಿ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ) ಸಮಯದಲ್ಲಿ ಬರೆಯುತ್ತಿದ್ದರೆ ನಿಮ್ಮ ಗಡಿಯಾರದ ಗಂಟೆ ಅಲ್ಲಿ ಸಿಗದು. ಸರ್ವರ್‌ನಲ್ಲಿ "ಡೇಟ್" ಎಂದು ಕೊಟ್ಟು, ಲಾಗ್‌ನ ಕೊನೆಯ ಸಾಲಿನ ಸಮಯದ ಜೊತೆ ಹೋಲಿಸಿ.

ಇನ್ನು ಫೈಲ್‌ನ ತಪ್ಪು. ಡೈರೆಕ್ಟರಿಯಲ್ಲಿ ಎಲ್‌ಎಸ್ -ಎಲ್‌ಟಿ ಕೊಡಿ. ಹೊಸದು ಮೇಲೆ ಬರುತ್ತದೆ. ಆಪ್.ಲಾಗ್ ಪಕ್ಕದಲ್ಲಿ ಕೊನೆಗೆ .1 ಇರುವ ಫೈಲ್, .2.ಜಿಜೆಡ್ ಇರುವ ಫೈಲ್ ಕಂಡರೆ ಹಳೆಯ ಲಾಗ್ ಅನ್ನು ಬದಿಗಿಟ್ಟು ಹೊಸದನ್ನು ಶುರುಮಾಡುವ ಲಾಗ್‌ರೊಟೇಟ್ ಕೆಲಸ ಮಾಡುತ್ತಿದೆ ಎಂದರ್ಥ. ತೊಂದರೆ ಆದ ಸಮಯ ಯಾವ ಫೈಲ್‌ನಲ್ಲಿದೆ ಎಂದು ತಿಳಿಯಲು ಪ್ರತಿ ಫೈಲ್‌ನ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ನೋಡಿ. ಜಿಜೆಡ್ ಫೈಲ್‌ನಲ್ಲಿ ಸಾಮಾನ್ಯ ಗ್ರೆಪ್ ಸುಮ್ನೆ ಖಾಲಿ ಕೈಯಲ್ಲಿ ಬರುತ್ತದೆ, ಯಾಕೆಂದರೆ ಒಳಗಿನ ಮಾತು ಕುಗ್ಗಿಸಿಟ್ಟ ರೂಪದಲ್ಲಿದೆ. ಅದಕ್ಕೆ ಜೆಡ್‌ಗ್ರೆಪ್ ಇದೆ. ಎಕ್ಸ್‌ಜೆಡ್ ಫೈಲ್‌ಗೆ ಎಕ್ಸ್‌ಜೆಡ್‌ಗ್ರೆಪ್. ಆ ರಾತ್ರಿ ನಾನು ನೋಡದೇ ಬಿಟ್ಟದ್ದು ಈ ಪಟ್ಟಿಯನ್ನೇ.

ಎಲ್ಲವೂ ಸರಿಯಿದ್ದೂ ಸಿಗದಿದ್ದರೆ, ಆ ಸಾಲು ಬರೆದೇ ಇಲ್ಲದಿರಬಹುದು. ಮೂರು ಕಾರಣ ಸಾಮಾನ್ಯ. ಲಾಗ್ ಲೆವೆಲ್ (ಎಷ್ಟು ಮುಖ್ಯವಾದದ್ದನ್ನು ಬರೆಯಬೇಕೆಂಬ ಮಟ್ಟ) ಮೇಲಿಟ್ಟಿದ್ದರೆ ಡೀಬಗ್ ಸಾಲುಗಳು ಬರುವುದಿಲ್ಲ. ಡಿಸ್ಕ್ ತುಂಬಿದ್ದರೆ ಯಾವುದೂ ಬರುವುದಿಲ್ಲ. ಡಿಎಫ್ -ಎಚ್ ನೋಡಿ, ಜಾಗ ಇದ್ದರೂ ಡಿಎಫ್ -ಐ ನೋಡಿ, ಐನೋಡ್ (ಪ್ರತಿ ಫೈಲ್‌ಗೂ ಬೇಕಾದ ದಾಖಲೆ) ಮುಗಿದರೂ ಹೊಸ ಫೈಲ್ ಹುಟ್ಟುವುದಿಲ್ಲ. ಮೂರನೆಯದು, ಪ್ರೋಗ್ರಾಂ ಸಾಲನ್ನು ತನ್ನ ಬಫರ್‌ನಲ್ಲಿ (ಮೆಮೊರಿಯ ತಾತ್ಕಾಲಿಕ ಜಾಗದಲ್ಲಿ) ಇಟ್ಟುಕೊಂಡು ಇನ್ನೂ ಫೈಲ್‌ಗೆ ಇಳಿಸಿಲ್ಲ. ಪೈಥಾನ್‌ನ ಪ್ರಿಂಟ್ ಸಾಲುಗಳನ್ನು ಫೈಲ್‌ಗೆ ತಿರುಗಿಸಿದಾಗ ಹೀಗಾಗುತ್ತದೆ. ಪ್ರೋಗ್ರಾಂ ದಿಢೀರ್ ಸತ್ತರೆ ನಮಗೆ ಬೇಕಾದ ಕೊನೆಯ ಸಾಲುಗಳೂ ಅದರ ಜೊತೆಗೇ ಹೋಗುತ್ತವೆ.

ಲಕ್ಷಣ: ಸಾಲು ಕಣ್ಣಿಗೆ ಕಾಣುತ್ತಿದೆ, ಗ್ರೆಪ್‌ಗೆ ಕಾಣುತ್ತಿಲ್ಲ

ಗೊತ್ತಿರುವ ಸಾಲಿನ ಪರೀಕ್ಷೆಯಲ್ಲಿ ಸೋತವರು ಇಲ್ಲಿಗೆ ಬಂದಿರುತ್ತೀರಿ. ಪರದೆಯನ್ನು ಬಿಟ್ಟು ಬೈಟ್‌ಗಳನ್ನು ನೋಡುವ ಸಮಯ ಇದು. ಎರಡು ಕಮಾಂಡ್ ಸಾಕು. "ಫೈಲ್ ಆಪ್.ಲಾಗ್" ಎಂದರೆ ಎನ್‌ಕೋಡಿಂಗ್ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆದ ಕ್ರಮ) ಯಾವುದೆಂದು ಹೇಳುತ್ತದೆ. "ಕ್ಯಾಟ್ -ಎ" ಅಂದರೆ ಕ್ಯಾಪಿಟಲ್ ಎ ಆಯ್ಕೆ, ಕಾಣದ ಗುರುತುಗಳನ್ನು ಕಾಣಿಸುತ್ತದೆ. ಇಡೀ ಫೈಲ್ ಬೇಡ, ಟೇಲ್‌ನಿಂದ ಕೆಲವು ಸಾಲು ತೆಗೆದು ಅದಕ್ಕೆ ಪೈಪ್ ಮಾಡಿ.

"ಯುಟಿಎಫ್-16" ಎಂದು ಬಂದರೆ ಕಾರಣ ಸಿಕ್ಕಿತು. ಅದರಲ್ಲಿ ಪ್ರತಿ ಇಂಗ್ಲಿಷ್ ಅಕ್ಷರದ ಜೊತೆ ಒಂದು ಸೊನ್ನೆ ಬೈಟ್ ಇರುತ್ತದೆ. ಅಕ್ಷರಗಳು ಪಕ್ಕಪಕ್ಕ ಇಲ್ಲದ್ದರಿಂದ ಪದ ಹೊಂದುವುದಿಲ್ಲ. ವಿಂಡೋಸ್‌ನ ಪವರ್‌ಶೆಲ್ 5.1ರಲ್ಲಿ > ಬಳಸಿ ಉಳಿಸಿದ ಫೈಲ್‌ಗಳು ಹೀಗೇ ಇರುತ್ತವೆ. ಐಕಾನ್ವ್ ಕಮಾಂಡ್‌ನಿಂದ ಯುಟಿಎಫ್-8ಗೆ ಬದಲಾಯಿಸಿದ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯಲ್ಲಿ ಹುಡುಕಿ. ಮೂಲವನ್ನು ಮುಟ್ಟಬೇಡಿ.

ಸಾಲಿನ ಕೊನೆಯಲ್ಲಿ ಡಾಲರ್ ಗುರುತಿನ ಮೊದಲು ^ಎಂ ಕಂಡರೆ ಅದು ವಿಂಡೋಸ್ ಶೈಲಿಯ ಸಾಲಿನ ಕೊನೆ. ನಿಮ್ಮ ಪ್ಯಾಟರ್ನ್ $ನಿಂದ (ಸಾಲಿನ ಕೊನೆ ಎಂಬ ಗುರುತಿನಿಂದ) ಮುಗಿಯುತ್ತಿದ್ದರೆ ಈ ಕಾಣದ ಅಕ್ಷರ ಅಡ್ಡ ಬರುತ್ತದೆ. $ ತೆಗೆದು ಹುಡುಕಿ.

ಪದದ ಅಕ್ಕಪಕ್ಕ ^[[31 ಎಂಬಂಥ ಚೂರು ಕಂಡರೆ ಅದು ಬಣ್ಣದ ಸೂಚನೆ. ಪರದೆಯಲ್ಲಿ ಕೆಂಪಾಗಿ ಚೆನ್ನಾಗಿ ಕಾಣುವ "ಎರರ್: ಡಿಸ್ಕ್" ಎಂಬುದರ ಮಧ್ಯೆ, ಕೋಲನ್‌ನ ಹಿಂದೋ ಮುಂದೋ, ಬಣ್ಣ ನಿಲ್ಲಿಸುವ ಸೂಚನೆ ಕೂತಿರುತ್ತದೆ. ಎರಡು ಪದವನ್ನು ಒಟ್ಟಿಗೆ ಹುಡುಕಿದರೆ ಸಿಗದು, ಒಂದೊಂದಾಗಿ ಹುಡುಕಿದರೆ ಸಿಗುತ್ತದೆ. ಅದೇ ಇದರ ಗುರುತು.

ಈಗ ಕನ್ನಡದ ವಿಷಯ. ನಮ್ಮ ಆಪ್‌ಗಳಲ್ಲಿ ಕನ್ನಡ ಹೆಸರು, ಕನ್ನಡ ಸಂದೇಶ ಲಾಗ್‌ಗೆ ಬರುವುದು ಹೆಚ್ಚಾಗಿದೆ. ಇದರ ಬಗ್ಗೆ ನಮ್ಮವರು ಬರೆದದ್ದು ಕಡಿಮೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೊದಲು ಜೇಸನ್ (ಹೆಸರು-ಮೌಲ್ಯ ಜೋಡಿಗಳಾಗಿ ಬರೆಯುವ) ರೂಪದ ಲಾಗ್ ಹೌದೋ ಅಲ್ಲವೋ ನೋಡಿ. ಪೈಥಾನ್‌ನ ಜೇಸನ್ ಬರೆಯುವ ಫಂಕ್ಷನ್, ನೀವು ಬೇರೆ ಹೇಳದಿದ್ದರೆ, ಇಂಗ್ಲಿಷ್ ಅಲ್ಲದ ಅಕ್ಷರಗಳನ್ನು ಸಂಖ್ಯೆಯಾಗಿ ಬರೆಯುತ್ತದೆ. "ಕ" ಎಂಬುದು ಬ್ಯಾಕ್‌ಸ್ಲ್ಯಾಶ್, ಯು, ಆಮೇಲೆ 0ಸಿ95 ಎಂದಾಗುತ್ತದೆ. ಆ ಫೈಲ್‌ನಲ್ಲಿ ಒಂದೂ ಕನ್ನಡ ಅಕ್ಷರ ಇಲ್ಲ, ಎಷ್ಟು ಹುಡುಕಿದರೂ ಸಿಗದು. ಬರೆಯುವ ಕಡೆ "ಎನ್ಶೂರ್ ಆಸ್ಕಿ" ಆಯ್ಕೆಯನ್ನು ಫಾಲ್ಸ್ ಮಾಡಿದರೆ ಮುಂದಿನ ಸಾಲುಗಳು ಕನ್ನಡದಲ್ಲೇ ಬರುತ್ತವೆ. ಹಳೆಯದಕ್ಕೆ ಜೆಕ್ಯೂ ಎಂಬ ಪ್ರೋಗ್ರಾಂ ಮೂಲಕ ಹಾಯಿಸಿ, ಅದು ಹೊರಗೆ ಕೊಡುವಾಗ ಕನ್ನಡ ಅಕ್ಷರವಾಗಿಯೇ ಕೊಡುತ್ತದೆ.

ಎರಡನೆಯದು ಇನ್ನೂ ಸೂಕ್ಷ್ಮ. "ಕೊ" ಎಂಬುದನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ಕ ಜೊತೆ ಒ-ಕಾರದ ಒಂದೇ ಚಿಹ್ನೆ, ಅಥವಾ ಕ ಜೊತೆ ಎ-ಕಾರದ ಚಿಹ್ನೆ ಮತ್ತು ಊ-ಕಾರದ ಚಿಹ್ನೆ. ಕೀ, ಕೇ, ಕೈ, ಕೋ ಇವಕ್ಕೂ ಹೀಗೇ ಬಿಡಿ ರೂಪ ಇದೆ. ಪರದೆಯಲ್ಲಿ ಒಂದೇ ಥರ ಕಾಣುತ್ತದೆ, ಬೈಟ್‌ಗಳು ಬೇರೆ. ಗ್ರೆಪ್ ಇವೆರಡನ್ನೂ ಒಂದೇ ಎಂದು ತಿಳಿಯುವುದಿಲ್ಲ. ಜೊತೆಗೆ, "ಸರ್ವರ್" ಎಂಬಂಥ ವ್ಯಂಜನದಿಂದ ಮುಗಿಯುವ ಪದದ ಕೊನೆಗೆ ಅಕ್ಷರಗಳು ಕೂಡದಂತೆ ತಡೆಯುವ ಕಾಣದ ಗುರುತೊಂದು ಸೇರಿರಬಹುದು. ಯೂನಿಕೋಡ್‌ನಲ್ಲಿ ಅದರ ಸಂಖ್ಯೆ 200ಸಿ. ಅದರ ಮುಂದೆ ಸ್ಪೇಸ್ ಇದ್ದರೆ ಇದ್ದದ್ದೂ ಇಲ್ಲದ್ದೂ ಕಣ್ಣಿಗೆ ಒಂದೇ.

ಪರೀಕ್ಷೆ ಸುಲಭ. ಪದವನ್ನು ನೀವೇ ಟೈಪ್ ಮಾಡಬೇಡಿ, ಲಾಗ್‌ನಿಂದಲೇ ಕಾಪಿ ಮಾಡಿ ಹುಡುಕಿ. ಆಗ ಸಿಕ್ಕಿ, ಟೈಪ್ ಮಾಡಿದಾಗ ಸಿಗದಿದ್ದರೆ ದೋಷ ಇದೇ. ತಕ್ಷಣದ ಉಪಾಯ: ಪದದಲ್ಲಿ ಇಂಥ ಸ್ವರ ಚಿಹ್ನೆ ಇಲ್ಲದ ಒಂದು ತುಂಡು ಆರಿಸಿ ಹುಡುಕಿ. ಶಾಶ್ವತ ಉಪಾಯ: ಲಾಗ್ ಬರೆಯುವ ಮೊದಲೇ ಪಠ್ಯವನ್ನು ಎನ್‌ಎಫ್‌ಸಿ (ಬಿಡಿ ಚಿಹ್ನೆಗಳನ್ನು ಒಂದಾಗಿ ಕೂಡಿಸುವ) ರೂಪಕ್ಕೆ ತರುವುದು. ಪೈಥಾನ್‌ನ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಅದಕ್ಕೆ ಫಂಕ್ಷನ್ ಇದೆ. ಆದರೆ ಆ ಕಾಣದ ಗುರುತನ್ನು ಎನ್‌ಎಫ್‌ಸಿ ತೆಗೆಯುವುದಿಲ್ಲ, ಅದನ್ನು ಬೇರೆಯಾಗಿ ನೋಡಿಕೊಳ್ಳಬೇಕು. ಪದದ ನಡುವಿನ ಆ ಗುರುತನ್ನು ಎಲ್ಲ ಕಡೆ ಕಿತ್ತು ಹಾಕಬೇಡಿ. "ಸರ್ವರ್‌ನಲ್ಲಿ" ಎಂಬುದರಲ್ಲಿ ಅದಕ್ಕೆ ಕೆಲಸ ಇದೆ.

ಅಂಕಿಗಳನ್ನು ೧೨೩ ಎಂದು ಬರೆಯುವ ಆಪ್ ಆದರೆ [0-9] ಎಂಬ ಪ್ಯಾಟರ್ನ್ ಅವನ್ನು ಹಿಡಿಯುವುದಿಲ್ಲ. ಇದು ಅಪರೂಪ, ಆದರೂ ನೆನಪಿರಲಿ.

ಲಕ್ಷಣ: "ಬೈನರಿ ಫೈಲ್ ಮ್ಯಾಚಸ್" ಎಂದು ಹೇಳಿ ಸುಮ್ಮನಾಗುತ್ತದೆ

ಸಾಲು ಸಿಕ್ಕಿದೆ, ಆದರೆ ಫೈಲ್‌ನಲ್ಲಿ ಪಠ್ಯವಲ್ಲದ್ದು ಏನೋ ಇದೆ, ಹಾಗಾಗಿ ತೋರಿಸುವುದಿಲ್ಲ ಎಂದು ಇದರ ಅರ್ಥ. ಕೆಲವೊಮ್ಮೆ ಮೊದಲ ಹತ್ತಾರು ಸಾಲು ತೋರಿಸಿ ಆಮೇಲೆ ಇದನ್ನು ಹೇಳುತ್ತದೆ. ಮೇಲಿನ ಸಾಲುಗಳನ್ನು ನೋಡಿ "ಇಷ್ಟೇ" ಎಂದುಕೊಂಡರೆ ಮೋಸ ಹೋಗುತ್ತೀರಿ.

-ಎ ಆಯ್ಕೆ ಹಾಕಿದರೆ ಗ್ರೆಪ್ ಎಲ್ಲವನ್ನೂ ಪಠ್ಯವೆಂದೇ ನೋಡುತ್ತದೆ. ಉತ್ತರವನ್ನು ನೇರ ಟರ್ಮಿನಲ್‌ಗೆ ಬಿಡದೆ ಲೆಸ್‌ಗೆ ಪೈಪ್ ಮಾಡಿ. ಕಂಡಕಂಡ ನಿಯಂತ್ರಣ ಅಕ್ಷರಗಳು ಟರ್ಮಿನಲ್ ಅನ್ನು ಕೆಡಿಸಬಲ್ಲವು.

ಅಷ್ಟಕ್ಕೇ ಬಿಡಬೇಡಿ. ಪಠ್ಯ ಫೈಲ್‌ನಲ್ಲಿ ಸೊನ್ನೆ ಬೈಟ್ ಎಲ್ಲಿಂದ ಬಂತು? ಎಲ್‌ಎಸ್ -ಎಲ್ ತೋರಿಸುವ ಗಾತ್ರವನ್ನೂ ಡಿಯು ತೋರಿಸುವ ಗಾತ್ರವನ್ನೂ ಹೋಲಿಸಿ. ಎಲ್‌ಎಸ್ ಕೆಲವು ಜಿಬಿ ಎಂದು ಹೇಳಿ, ಡಿಯು ಕೆಲವೇ ಎಂಬಿ ಎಂದರೆ ಫೈಲ್‌ನ ಮೊದಲಲ್ಲಿ ದೊಡ್ಡ ತೂತಿದೆ. ಇದು ಲಾಗ್‌ರೊಟೇಟ್‌ನ ಕಾಪಿಟ್ರಂಕೇಟ್ ವಿಧಾನದಲ್ಲಿ ಆಗುವ ಕಥೆ. ಲಾಗ್‌ರೊಟೇಟ್ ಪ್ರತಿ ಮಾಡಿಕೊಂಡು ಮೂಲ ಫೈಲ್ ಅನ್ನು ಸೊನ್ನೆಗೆ ಇಳಿಸುತ್ತದೆ. ಪ್ರೋಗ್ರಾಂ ಫೈಲ್ ಅನ್ನು ಅಪೆಂಡ್ (ಕೊನೆಗೇ ಸೇರಿಸುವ) ರೀತಿಯಲ್ಲಿ ತೆರೆದಿಲ್ಲದಿದ್ದರೆ, ತಾನು ಮೊದಲು ಬರೆಯುತ್ತಿದ್ದ ಜಾಗದಿಂದಲೇ ಮುಂದುವರಿಸುತ್ತದೆ. ಮೊದಲಿನಿಂದ ಅಲ್ಲಿಯವರೆಗೆ ಬರೀ ಸೊನ್ನೆ. ಸರಿಮಾಡಬೇಕಾದದ್ದು ಪ್ರೋಗ್ರಾಂ ಫೈಲ್ ತೆರೆಯುವ ರೀತಿಯನ್ನು.

ಲಕ್ಷಣ: ಬೇಡದ್ದೆಲ್ಲ ಬರುತ್ತಿದೆ

10.0.0.1 ಹುಡುಕಿದರೆ 10.0.0.12, 10.0.0.100 ಎಲ್ಲ ಬರುತ್ತವೆ. ಎರಡು ಕಾರಣ ಒಟ್ಟಿಗೆ ಕೆಲಸ ಮಾಡುತ್ತಿವೆ. ಪ್ಯಾಟರ್ನ್‌ನಲ್ಲಿ ಚುಕ್ಕಿ ಎಂದರೆ ಯಾವುದಾದರೂ ಒಂದು ಅಕ್ಷರ. ಮತ್ತು ಗ್ರೆಪ್ ಸಾಲಿನ ತುಂಡು ಹೊಂದಿದರೂ ಸಾಕು ಎನ್ನುತ್ತದೆ. ಕ್ಯಾಪಿಟಲ್ ಎಫ್ ಆಯ್ಕೆ ಹಾಕಿದರೆ ಚುಕ್ಕಿ ಬರೀ ಚುಕ್ಕಿಯಾಗುತ್ತದೆ. -ಡಬ್ಲ್ಯು ಹಾಕಿದರೆ ಪೂರ್ತಿ ಪದವಾಗಿ ಹೊಂದಬೇಕು. ಎರಡೂ ಬೇಕು.

ಚೌಕ ಕಂಸದ ಒಳಗಿರುವ ಎರರ್ ಎಂಬ ಇಂಗ್ಲಿಷ್ ಪದವನ್ನು ಹಾಗೇ ಹುಡುಕಿದರೆ ಬಹುತೇಕ ಇಡೀ ಫೈಲ್ ಸುರಿಯುತ್ತದೆ. ಚೌಕ ಕಂಸ ಎಂದರೆ "ಇದರಲ್ಲಿ ಯಾವುದಾದರೂ ಒಂದಕ್ಷರ". ಇ, ಆರ್, ಓ ಕ್ಯಾಪಿಟಲ್‌ಗಳಲ್ಲಿ ಒಂದಾದರೂ ಇರುವ ಸಾಲುಗಳೆಲ್ಲ ಬಂದವು. ಇಲ್ಲೂ ಕ್ಯಾಪಿಟಲ್ ಎಫ್ ಕಾಪಾಡುತ್ತದೆ. ಲಾಗ್ ಹುಡುಕುವಾಗ ನಮಗೆ ಹೆಚ್ಚಾಗಿ ಬೇಕಿರುವುದು ಇದ್ದದ್ದು ಇದ್ದಂತೆ ಹುಡುಕುವುದು. ಹಾಗಾಗಿ ಕ್ಯಾಪಿಟಲ್ ಎಫ್‌ನಿಂದಲೇ ಶುರುಮಾಡಿ, ಪ್ಯಾಟರ್ನ್ ಬೇಕಾದಾಗ ಮಾತ್ರ ತೆಗೆಯಿರಿ ಎಂಬುದು ನನ್ನ ಸಲಹೆ.

ಪ್ಯಾಟರ್ನ್ ಅನ್ನು ಯಾವಾಗಲೂ ಸಿಂಗಲ್ ಕೋಟ್ಸ್ ಒಳಗಿಡಿ. ಇಲ್ಲದಿದ್ದರೆ ಎರಡು ಪದದಲ್ಲಿ ಮೊದಲನೆಯದು ಮಾತ್ರ ಪ್ಯಾಟರ್ನ್ ಆಗಿ, ಎರಡನೆಯದು ಫೈಲ್ ಹೆಸರಾಗುತ್ತದೆ. ಡಬಲ್ ಕೋಟ್ಸ್‌ನಲ್ಲಿ $ ಇದ್ದರೆ ಶೆಲ್ ಅದನ್ನು ಬದಲಾಯಿಸಿಬಿಡುತ್ತದೆ.

ವಿಂಡೋಸ್‌ನ ಫೈಂಡ್‌ಸ್ಟರ್ ಬಳಸುವವರೇ, ಅದರಲ್ಲಿ ಕೋಟ್ಸ್ ಒಳಗಿನ ಸ್ಪೇಸ್‌ಗೆ "ಅಥವಾ" ಎಂಬ ಅರ್ಥ. ಎರಡು ಪದ ಕೊಟ್ಟರೆ ಯಾವುದಾದರೂ ಒಂದಿರುವ ಸಾಲೆಲ್ಲ ಬರುತ್ತದೆ. /ಸಿ: ಎಂದು ಹಾಕಿ ಕೊಟ್ಟರೆ ಇಡೀ ವಾಕ್ಯವಾಗಿ ಹುಡುಕುತ್ತದೆ.

ಲಕ್ಷಣ: ಒಂದು ಟೂಲ್‌ಗೆ ಸಿಗುತ್ತದೆ, ಇನ್ನೊಂದಕ್ಕೆ ಸಿಗುವುದಿಲ್ಲ

ಗ್ರೆಪ್‌ನಂಥದ್ದೇ ಆದ ರಿಪ್‌ಗ್ರೆಪ್ ತುಂಬ ವೇಗ, ನನಗೂ ಇಷ್ಟ. ಆದರೆ ಅದು ಕೋಡ್ ಹುಡುಕಲು ಹುಟ್ಟಿದ್ದು. ಗಿಟ್‌ಇಗ್ನೋರ್ ಫೈಲ್‌ನಲ್ಲಿ ಬಿಟ್ಟುಬಿಡಲು ಹೇಳಿದ್ದನ್ನು ಅದು ನೋಡುವುದೇ ಇಲ್ಲ. ಲಾಗ್ ಫೈಲ್‌ಗಳನ್ನು ಅಲ್ಲಿ ಸೇರಿಸುವುದು ಎಲ್ಲರ ರೂಢಿ, ಅಲ್ವಾ? ಪ್ರಾಜೆಕ್ಟ್ ಒಳಗೆ ನಿಂತು ಹುಡುಕಿದರೆ ಲಾಗ್ ಬಿಟ್ಟು ಉಳಿದದ್ದೆಲ್ಲ ನೋಡುತ್ತದೆ. -ಯುಯುಯು ಎಂದು ಮೂರು ಸಲ ಕೊಟ್ಟರೆ ಏನನ್ನೂ ಬಿಡುವುದಿಲ್ಲ.

ಗ್ರೆಪ್‌ನಲ್ಲಿ ಡೈರೆಕ್ಟರಿಯೊಳಗಿನದ್ದನ್ನೆಲ್ಲ ಹುಡುಕುವ ಸ್ಮಾಲ್ ಆರ್, ದಾರಿಯಲ್ಲಿ ಸಿಗುವ ಸಿಂಬಾಲಿಕ್ ಲಿಂಕ್‌ಗಳನ್ನು (ಬೇರೆ ಕಡೆ ಇರುವ ಫೈಲ್‌ಗೆ ದಾರಿ ತೋರುವ ಹೆಸರುಗಳನ್ನು) ಹಿಂಬಾಲಿಸುವುದಿಲ್ಲ. ಕ್ಯಾಪಿಟಲ್ ಆರ್ ಹಿಂಬಾಲಿಸುತ್ತದೆ. ಕುಬರ್ನೆಟಿಸ್ (ಕಂಟೇನರ್‌ಗಳನ್ನು ನಡೆಸುವ ವ್ಯವಸ್ಥೆ) ನೋಡ್‌ನಲ್ಲಿ ಕಂಟೇನರ್ ಲಾಗ್‌ಗಳ ಡೈರೆಕ್ಟರಿಯಲ್ಲಿರುವುದು ಬರೀ ಲಿಂಕ್‌ಗಳು.

\ಡಿ ಎಂದರೆ ಅಂಕಿ ಎಂದು ಪೈಥಾನ್‌ನಿಂದ ಕಲಿತವರಿಗೆ ಗ್ರೆಪ್‌ನಲ್ಲಿ ಅದು ಕೆಲಸ ಮಾಡದು. [0-9] ಬಳಸಿ, ಅಥವಾ ಕ್ಯಾಪಿಟಲ್ ಪಿ ಆಯ್ಕೆ ಹಾಕಿ. | ಮತ್ತು + ಗುರುತುಗಳಿಗೆ ವಿಶೇಷ ಅರ್ಥ ಬೇಕಿದ್ದರೆ ಕ್ಯಾಪಿಟಲ್ ಇ ಆಯ್ಕೆ ಬೇಕು.

ಸಿಸ್ಟಂಡಿ (ಸರ್ವೀಸ್‌ಗಳನ್ನು ನಡೆಸುವ ವ್ಯವಸ್ಥೆ) ಇರುವ ಲಿನಕ್ಸ್‌ನಲ್ಲಿ ಅದರ ಲಾಗ್ ಆದ ಜರ್ನಲ್ ಬೈನರಿ ರೂಪದಲ್ಲಿರುತ್ತದೆ. ಅಲ್ಲಿ ಗ್ರೆಪ್ ಬೇಡ, ಜರ್ನಲ್‌ಸಿಟಿಎಲ್ ಬಳಸಿ. ರೀಬೂಟ್‌ಗೆ ಹಿಂದಿನದು ಕಾಣದಿದ್ದರೆ /ವಾರ್/ಲಾಗ್/ಜರ್ನಲ್ ಡೈರೆಕ್ಟರಿ ಇದೆಯೇ ನೋಡಿ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಅದು ಇಲ್ಲದಿದ್ದರೆ ಜರ್ನಲ್ ಮೆಮೊರಿಯಲ್ಲಿ ಮಾತ್ರ ಇರುತ್ತದೆ, ರೀಬೂಟ್ ಆದರೆ ಹೋಗುತ್ತದೆ.

ಲಕ್ಷಣ: ಎಣಿಕೆ ತಾಳೆಯಾಗುತ್ತಿಲ್ಲ

-ಸಿ ಎಣಿಸುವುದು ಸಾಲುಗಳನ್ನು. ಒಂದೇ ಸಾಲಿನಲ್ಲಿ ಮೂರು ಸಲ ಬಂದರೂ ಒಂದೇ ಲೆಕ್ಕ. ಪ್ರತಿ ಸಲವೂ ಬೇಕಾದರೆ -ಓ ಹಾಕಿ, ಉತ್ತರವನ್ನು ಡಬ್ಲ್ಯುಸಿ -ಎಲ್‌ಗೆ ಕಳಿಸಿ.

ಲೆಕ್ಕ ಕಡಿಮೆ ಬಂದರೆ "ಮೆಸೇಜ್ ರಿಪೀಟೆಡ್" ಎಂಬ ಸಾಲುಗಳನ್ನು ಹುಡುಕಿ. ಒಂದೇ ಸಂದೇಶ ಬೆನ್ನು ಬೆನ್ನಿಗೆ ಬಂದರೆ ಲಾಗ್ ಬರೆಯುವ ಆರ್‌ಸಿಸ್‌ಲಾಗ್ ಅದನ್ನು ಒಟ್ಟು ಮಾಡಿ, ಇಷ್ಟು ಸಲ ಬಂತು ಎಂದು ಒಂದೇ ಸಾಲು ಬರೆಯುವಂತೆ ಹೊಂದಿಸಿರಬಹುದು. ಜರ್ನಲ್‌ಗೂ ಮಿತಿ ಇದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಒಂದು ಸರ್ವೀಸ್ 30 ಸೆಕೆಂಡಿನಲ್ಲಿ 10,000 ಸಂದೇಶ ದಾಟಿದರೆ ಉಳಿದದ್ದನ್ನು ಬಿಟ್ಟು "ಸಪ್ರೆಸ್ಡ್" ಎಂದು ಬರೆಯುತ್ತದೆ.

ಲೆಕ್ಕ ನೋಡಿದಷ್ಟು ಸಲ ಒಂದೊಂದೇ ಏರುತ್ತಿದ್ದರೆ ನಿಮ್ಮ ಹುಡುಕಾಟವೇ ಅದರಲ್ಲಿ ಸೇರುತ್ತಿದೆ. ಸುಡೋ (ಆಡಳಿತಗಾರರ ಅಧಿಕಾರ) ಹಾಕಿ ಓಡಿಸಿದ ಕಮಾಂಡ್ ಆಥ್.ಲಾಗ್‌ನಲ್ಲಿ ದಾಖಲಾಗುತ್ತದೆ. ಅದೇ ಫೈಲ್‌ನಲ್ಲಿ ಹುಡುಕಿದರೆ ನೀವು ಹುಡುಕಿದ ಪದವೂ ಅಲ್ಲಿ ಇರುತ್ತದೆ.

ಲಕ್ಷಣ: ಲೈವ್ ನೋಡುವಾಗ ಸಾಲು ತಡವಾಗಿ ಬರುತ್ತದೆ, ಅಥವಾ ನಿಂತೇ ಹೋಗುತ್ತದೆ

ಹೊಸ ಸಾಲು ಬಂದಂತೆ ತೋರಿಸುವ ಟೇಲ್ -ಎಫ್ ಅನ್ನು ಒಂದು ಗ್ರೆಪ್‌ಗೆ ಪೈಪ್ ಮಾಡಿದರೆ ತಕ್ಷಣ ಬರುತ್ತದೆ. ಎರಡನೇ ಗ್ರೆಪ್ ಸೇರಿಸಿದ ಕೂಡಲೇ ನಿಂತಂತಾಗುತ್ತದೆ. ಮೊದಲ ಗ್ರೆಪ್‌ನ ಉತ್ತರ ಈಗ ಟರ್ಮಿನಲ್‌ಗೆ ಹೋಗುತ್ತಿಲ್ಲ, ಪೈಪ್‌ಗೆ ಹೋಗುತ್ತಿದೆ. ಆಗ ಅದು ಸಾಲು ಸಾಲಾಗಿ ಕೊಡದೆ ಬಫರ್ ತುಂಬುವವರೆಗೆ ಕಾಯುತ್ತದೆ. ಮೊದಲ ಗ್ರೆಪ್‌ಗೆ --ಲೈನ್-ಬಫರ್ಡ್ ಕೊಡಿ.

ಮಧ್ಯರಾತ್ರಿ ಆದ ಮೇಲೆ ಸಾಲು ನಿಂತರೆ ಕಾರಣ ಲಾಗ್‌ರೊಟೇಟ್. ಟೇಲ್‌ನ ಸ್ಮಾಲ್ ಎಫ್ ತೆರೆದ ಫೈಲ್ ಅನ್ನೇ ಹಿಡಿದಿರುತ್ತದೆ, ಅದು ಹೆಸರು ಬದಲಾಗಿ ಹಳೆಯದಾದರೂ ಸರಿ. ಕ್ಯಾಪಿಟಲ್ ಎಫ್ ಹೆಸರನ್ನು ಹಿಡಿದು ಹೊಸ ಫೈಲ್‌ಗೆ ಹೋಗುತ್ತದೆ.

ಕಂಟೇನರ್ ಲಾಗ್ ತೋರಿಸುವ ಡಾಕರ್ ಲಾಗ್ಸ್ ಕಮಾಂಡ್ ಅನ್ನು ಗ್ರೆಪ್‌ಗೆ ಪೈಪ್ ಮಾಡಿದಾಗ ಎಲ್ಲ ಸಾಲೂ ಸೋಸದೆ ಬಂದರೆ, ಆ ಸಾಲುಗಳು ಎರರ್ ದಾರಿಯಲ್ಲಿ ಬರುತ್ತಿವೆ. ಪೈಪ್ ಹಿಡಿಯುವುದು ಮಾಮೂಲಿ ದಾರಿಯನ್ನು ಮಾತ್ರ. ಪೈಪ್‌ನ ಮೊದಲು 2>&1 ಸೇರಿಸಿ.

ಲಕ್ಷಣ: ಮುಗಿಯುತ್ತಲೇ ಇಲ್ಲ

ಫೈಲ್ ಹೆಸರು ಕೊಟ್ಟಿದ್ದೀರಾ ನೋಡಿ. ಇಲ್ಲದಿದ್ದರೆ ಗ್ರೆಪ್ ನಿಮ್ಮ ಕೀಬೋರ್ಡ್‌ಗಾಗಿ ಕಾಯುತ್ತಿರುತ್ತದೆ. ಕಂಟ್ರೋಲ್-ಸಿ ಒತ್ತಿ ಹೊರಬನ್ನಿ.

ಫೈಲ್ ನಿಜವಾಗಿ ದೊಡ್ಡದಾದರೆ ಗ್ರೆಪ್‌ನ ಕ್ಯಾಪಿಟಲ್ ಎಫ್ ಬಳಸಿ, ಇದೆಯೋ ಇಲ್ಲವೋ ಅಷ್ಟೇ ತಿಳಿಯಬೇಕಾದರೆ -ಎಂ 1 ಹಾಕಿ. ಭಾಷೆಯ ಸೆಟ್ಟಿಂಗ್ ಆದ ಎಲ್‌ಸಿ ಆಲ್ ಅನ್ನು ಸಿ ಮಾಡಿದರೆ ಬೇಗ ಆಗುತ್ತದೆ ಎಂದು ಹಲವರು ಹೇಳುತ್ತಾರೆ. ಇಂಗ್ಲಿಷ್ ಲಾಗ್‌ಗೆ ಸರಿ. ಕನ್ನಡ ಇದ್ದರೆ ಬೇಡ, ಆಗ ಚುಕ್ಕಿ ಒಂದು ಅಕ್ಷರವನ್ನಲ್ಲ, ಒಂದು ಬೈಟ್ ಅನ್ನು ಹಿಡಿಯುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್.

ಚಿಕ್ಕ ಫೈಲ್‌ನಲ್ಲೂ ಸಿಕ್ಕಿಹಾಕಿಕೊಂಡರೆ ತಪ್ಪು ಪ್ಯಾಟರ್ನ್‌ನದು. ಪೈಥಾನ್‌ನ ಆರ್‌ಇ (ಪ್ಯಾಟರ್ನ್ ಹುಡುಕುವ ಮಾಡ್ಯೂಲ್), ಗ್ರೆಪ್‌ನ ಕ್ಯಾಪಿಟಲ್ ಪಿ ಇವು ಒಂದು ದಾರಿ ಹೊಂದದಿದ್ದರೆ ಹಿಂದೆ ಬಂದು ಇನ್ನೊಂದು ದಾರಿ ನೋಡುತ್ತವೆ. * ಮತ್ತು + ಒಂದರೊಳಗೊಂದು ಇದ್ದರೆ ದಾರಿಗಳ ಸಂಖ್ಯೆ ಮಿತಿಮೀರುತ್ತದೆ. 2016ರ ಜುಲೈ 20ರಂದು ಸ್ಟ್ಯಾಕ್ ಓವರ್‌ಫ್ಲೋ ಎಂಬ ಪ್ರಶ್ನೋತ್ತರ ತಾಣ 34 ನಿಮಿಷ ನಿಂತದ್ದೂ ಹೀಗೆ ಮತ್ತೆ ಮತ್ತೆ ಹಿಂದೆ ಬಂದು ನೋಡಿದ್ದರಿಂದಲೇ. ಸಾಲಿನ ತುದಿಯ ಸ್ಪೇಸ್ ತೆಗೆಯುವ ಪ್ಯಾಟರ್ನ್‌ಗೆ ಸುಮಾರು 20,000 ಸ್ಪೇಸ್ ಇರುವ ಸಾಲು ಎದುರಾಗಿತ್ತು. ಪ್ಯಾಟರ್ನ್ ಸರಳ ಮಾಡಿ, ಅಥವಾ ರಿಪ್‌ಗ್ರೆಪ್ ಬಳಸಿ. ಅದರ ಮಾಮೂಲಿ ಎಂಜಿನ್ ಹಿಂದೆ ಹೋಗುವುದಿಲ್ಲ.

ಲಕ್ಷಣ: ಗ್ರೆಪ್‌ಗೆ ಸಿಗುತ್ತದೆ, ನಾನು ಬರೆದ ಪೈಥಾನ್ ಸ್ಕ್ರಿಪ್ಟ್‌ಗೆ ಸಿಗುವುದಿಲ್ಲ

ಆರ್‌ಇ ಮ್ಯಾಚ್ ಬಳಸಿದ್ದೀರಾ? ಅದು ಸಾಲಿನ ಆರಂಭದಲ್ಲಿ ಮಾತ್ರ ನೋಡುತ್ತದೆ. ಲಾಗ್ ಸಾಲು ತಾರೀಖಿನಿಂದ ಶುರುವಾಗುವುದರಿಂದ ಏನೂ ಸಿಗದು. ಆರ್‌ಇ ಸರ್ಚ್ ಬೇಕು. == ಬಳಸಿ ಹೋಲಿಸುತ್ತಿದ್ದರೆ ಸಾಲಿನ ಕೊನೆಯ ಹೊಸಸಾಲಿನ ಗುರುತು ಅಡ್ಡ ಬರುತ್ತದೆ.

ಯೂನಿಕೋಡ್ ಡಿಕೋಡ್ ಎರರ್ ಬಂದರೆ ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಹೇಳಿ, ಎರರ್ಸ್ ಆಯ್ಕೆಗೆ ರಿಪ್ಲೇಸ್ ಕೊಡಿ. ಇಗ್ನೋರ್ ಬೇಡ. ರಿಪ್ಲೇಸ್ ಮಾಡಿದ ಜಾಗದಲ್ಲಿ ಗುರುತು ಉಳಿಯುತ್ತದೆ, ಇಗ್ನೋರ್ ಸುಳಿವೇ ಇಲ್ಲದೆ ನುಂಗುತ್ತದೆ. ಇಡೀ ಫೈಲ್ ಒಂದೇ ಸಲ ಓದದೆ ಸಾಲು ಸಾಲಾಗಿ ಓದಿ.

ಎಲ್ಲಿ ನಿಲ್ಲಬೇಕು, ಯಾರನ್ನು ಕರೆಯಬೇಕು

ಪರ್ಮಿಷನ್ ಇಲ್ಲ ಎಂದು ಬಂದರೆ ಸರ್ವರ್ ನೋಡಿಕೊಳ್ಳುವವರನ್ನು ಕೇಳಿ. ಡೆಬಿಯನ್, ಉಬುಂಟುಗಳಲ್ಲಿ ಎಡಿಎಂ ಗುಂಪಿಗೆ ಸೇರಿಸಿದರೆ ಹೆಚ್ಚಿನ ಲಾಗ್‌ಗಳನ್ನು ಓದಬಹುದು. ಫೈಲ್‌ನ ಪರ್ಮಿಷನ್ ಅನ್ನೇ ಎಲ್ಲರಿಗೂ ತೆರೆಯಬೇಡಿ.

ಸರ್ವರ್ ಈಗಾಗಲೇ ಏದುಸಿರು ಬಿಡುತ್ತಿದ್ದರೆ ಅಲ್ಲೇ ದೊಡ್ಡ ಹುಡುಕಾಟ ಹಚ್ಚಬೇಡಿ. ಫೈಲ್ ಅನ್ನು ಬೇರೆ ಯಂತ್ರಕ್ಕೆ ಪ್ರತಿ ಮಾಡಿಕೊಳ್ಳಿ. ಡಿಸ್ಕ್ ತುಂಬಿದ್ದು ಕಂಡರೆ ಹುಡುಕಾಟ ಬಿಟ್ಟು ಮೊದಲು ಅದನ್ನು ತಿಳಿಸಿ.

ಲಾಗ್‌ನಲ್ಲಿ ಮಧ್ಯೆ ಒಂದಷ್ಟು ಹೊತ್ತಿನ ಸಾಲುಗಳೇ ಇಲ್ಲ, ಲಾಗ್‌ರೊಟೇಟ್ ಆಗಿಲ್ಲ, ಡಿಸ್ಕ್ ತುಂಬಿಲ್ಲ, ಪ್ರೋಗ್ರಾಂ ನಿಂತಿರಲಿಲ್ಲ ಎಂದಾದರೆ, ಅಥವಾ ಗೊತ್ತಿಲ್ಲದ ಹೆಸರಿನಿಂದ ಲಾಗಿನ್ ಕಂಡರೆ, ಕೈ ತೆಗೆಯಿರಿ. ಯಾರೋ ಒಳಗೆ ಬಂದು ಅಳಿಸಿರಬಹುದು. ಏನನ್ನೂ ಸರಿಮಾಡಲು ಹೋಗಬೇಡಿ, ರೀಬೂಟ್ ಮಾಡಬೇಡಿ. ನೋಡಿದ್ದನ್ನು, ನೋಡಿದ ಸಮಯವನ್ನು, ಓಡಿಸಿದ ಕಮಾಂಡ್‌ಗಳನ್ನು ಬರೆದಿಟ್ಟುಕೊಂಡು ಭದ್ರತೆಯ ತಂಡಕ್ಕೆ ಒಪ್ಪಿಸಿ.

ಯಾರನ್ನು ಕರೆದರೂ ಅವರಿಗೆ ನಾಲ್ಕು ವಿಷಯ ಕೊಡಿ: ಪೂರ್ತಿ ಕಮಾಂಡ್, ರಿಟರ್ನ್ ಕೋಡ್ ($? ಕೊಟ್ಟ ಸಂಖ್ಯೆ), ಹುಡುಕಿದ ಫೈಲ್‌ನ ಮೊದಲ ಮತ್ತು ಕೊನೆಯ ಸಾಲಿನ ಸಮಯ, ಗೊತ್ತಿರುವ ಸಾಲಿನ ಪರೀಕ್ಷೆಯಲ್ಲಿ ಏನಾಯಿತು ಎಂಬುದು. "ಲಾಗ್‌ನಲ್ಲಿ ಏನೂ ಇಲ್ಲ" ಎಂದಷ್ಟೇ ಹೇಳಿದರೆ ಅವರು ಮತ್ತೆ ಮೊದಲಿನಿಂದ ಶುರುಮಾಡಬೇಕಾಗುತ್ತದೆ.